ಮಧುಮೇಹ ಮತ್ತು ಮೇದೋಜೀರಕ ಉರಿಯೂತವಿರುವ ಬೆಕ್ಕುಗಳಲ್ಲಿ ಇನ್ಸುಲಿನ್ ನಿರ್ವಹಣೆ

ಮಧುಮೇಹ ಅಥವಾ ಸಿಹಿಮೂತ್ರ ರೋಗವು ಮನುಷ್ಯರಂತೆ ಸಾಕುಬೆಕ್ಕುಗಳಲ್ಲಿಯೂ ಕಂಡುಬರುವ ದೀರ್ಘಕಾಲಿಕ ಕಾಯಿಲೆಯಾಗಿದೆ. ಮೇದೋಜೀರಕ ಗ್ರಂಥಿಯ ಉರಿಯೂತವೂ ಬೆಕ್ಕುಗಳಲ್ಲಿ ಅಪರೂಪವಲ್ಲ. ಈ ಎರಡೂ ರೋಗಗಳು ಒಂದೇ ಗ್ರಂಥಿಗೆ ಸಂಬಂಧಿಸಿದವುಗಳಾದ್ದರಿಂದ ಅನೇಕ ವೇಳೆ ಒಂದೇ ಬೆಕ್ಕಿನಲ್ಲಿ ಜೊತೆಯಾಗಿ ಇರುತ್ತವೆ. ಹಾಗಿದ್ದಾಗ ಇನ್ಸುಲಿನ್ ಚಿಕಿತ್ಸೆಯು ಕೇವಲ ಮಧುಮೇಹವಿರುವ ಬೆಕ್ಕಿಗೆ ನೀಡುವ ಚಿಕಿತ್ಸೆಗಿಂತ ಕಠಿಣವಾಗುತ್ತದೆ. ಉರಿಯೂತ ಹೆಚ್ಚಿದಾಗ ದೇಹವು ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸದೆ ರಕ್ತದ ಸಕ್ಕರೆ ಏರುತ್ತದೆ. ಅದೇ ಸಮಯದಲ್ಲಿ ಬೆಕ್ಕು ಆಹಾರ ಬಿಡುವುದರಿಂದ ಎಂದಿನ ಪ್ರಮಾಣದ ಇನ್ಸುಲಿನ್ ಸಕ್ಕರೆಯನ್ನು ಅಪಾಯಕರ ಮಟ್ಟಕ್ಕೆ ಇಳಿಸಲೂಬಹುದು. ಆದ್ದರಿಂದ ಇಂತಹ ಬೆಕ್ಕಿಗೆ ಎಂದೆಂದಿಗೂ ಬದಲಾಗದ ಒಂದು ಪ್ರಮಾಣವೆಂಬುದಿಲ್ಲ. ಪ್ರತಿ ಸಲವೂ ಬೆಕ್ಕು ಎಷ್ಟು ತಿಂದಿದೆ ಮತ್ತು ರಕ್ತದ ಸಕ್ಕರೆ ಎಷ್ಟಿದೆ ಎಂಬ ಎರಡು ಸಂಗತಿಗಳನ್ನು ನೋಡಿ, ಪಶುವೈದ್ಯರ ಸೂಚನೆಯಂತೆ ಇನ್ಸುಲಿನ್ ನೀಡಬೇಕಾಗುತ್ತದೆ.

ಗ್ರಂಥಿಯ ರಚನೆ ಮತ್ತು ಕಾರ್ಯ

ಮೇದೋಜೀರಕ ಗ್ರಂಥಿಯು ಜಠರ ಮತ್ತು ಸಣ್ಣಕರುಳಿನ ಮೊದಲ ಭಾಗಕ್ಕೆ ಹೊಂದಿಕೊಂಡಿರುವ ತೆಳುವಾದ ಅಂಗ. ಇದಕ್ಕೆ ಎರಡು ಕೆಲಸಗಳಿವೆ. ಗ್ರಂಥಿಯ ಬಹುಭಾಗವು ಆಹಾರವನ್ನು ಜೀರ್ಣಿಸುವ ಕಿಣ್ವಗಳನ್ನು ತಯಾರಿಸಿ ನಾಳದ ಮೂಲಕ ಕರುಳಿಗೆ ಕಳುಹಿಸುತ್ತದೆ. ಇದರ ನಡುವೆ ಚದುರಿಕೊಂಡಿರುವ ಲಾಂಗರ್‌ಹ್ಯಾನ್ಸ್ ದ್ವೀಪಗಳೆಂಬ ಜೀವಕೋಶಗಳ ಗುಂಪುಗಳು ಹಾರ್ಮೋನುಗಳನ್ನು ನೇರವಾಗಿ ರಕ್ತಕ್ಕೆ ಸ್ರವಿಸುತ್ತವೆ. ದ್ವೀಪಗಳಲ್ಲಿನ ಬೀಟಾ ಜೀವಕೋಶಗಳು ತಯಾರಿಸುವ ಹಾರ್ಮೋನೇ ಇನ್ಸುಲಿನ್. ರಕ್ತದಲ್ಲಿರುವ ಗ್ಲೂಕೋಸ್ ಸ್ನಾಯು ಮತ್ತು ಕೊಬ್ಬಿನ ಜೀವಕೋಶಗಳೊಳಗೆ ಪ್ರವೇಶಿಸಲು ಇನ್ಸುಲಿನ್ ಅಗತ್ಯ.

ಬೆಕ್ಕಿನ ದೇಹರಚನೆಯಲ್ಲಿ ಒಂದು ವಿಶೇಷವಿದೆ. ಬಹುತೇಕ ಬೆಕ್ಕುಗಳಲ್ಲಿ ಮೇದೋಜೀರಕದ ನಾಳವು ಕರುಳನ್ನು ಸೇರುವ ಮುನ್ನವೇ ಪಿತ್ತನಾಳವನ್ನು ಕೂಡಿಕೊಳ್ಳುತ್ತದೆ. ಈ ಕಾರಣದಿಂದ ಮೇದೋಜೀರಕ, ಪಿತ್ತನಾಳ ಮತ್ತು ಕರುಳು ಈ ಮೂರೂ ಅಂಗಗಳಲ್ಲಿ ಒಟ್ಟಿಗೆ ಉರಿಯೂತ ಕಾಣಿಸಿಕೊಳ್ಳುವುದುಂಟು. ಪಶುವೈದ್ಯಶಾಸ್ತ್ರದಲ್ಲಿ ಇದನ್ನು ಟ್ರಯಾಡೈಟಿಸ್ ಎಂದು ಕರೆಯುತ್ತಾರೆ.

ಎರಡು ರೋಗಗಳ ಸಂಬಂಧ

ಬೆಕ್ಕುಗಳ ಮಧುಮೇಹವು ಹೆಚ್ಚಾಗಿ ಮನುಷ್ಯರ ಎರಡನೆಯ ವಿಧದ ಮಧುಮೇಹವನ್ನು ಹೋಲುತ್ತದೆ. ಮೊದಲು ದೇಹದ ಜೀವಕೋಶಗಳು ಇನ್ಸುಲಿನ್‌ಗೆ ಸ್ಪಂದಿಸುವುದನ್ನು ಕಡಿಮೆ ಮಾಡುತ್ತವೆ. ಕ್ರಮೇಣ ಬೀಟಾ ಜೀವಕೋಶಗಳು ದಣಿದು, ದ್ವೀಪಗಳಲ್ಲಿ ಅಮೈಲಾಯ್ಡ್ ಎಂಬ ಪ್ರೋಟೀನ್ ಶೇಖರವಾಗಿ, ಇನ್ಸುಲಿನ್ ಉತ್ಪಾದನೆ ಕುಸಿಯುತ್ತದೆ. ಬೊಜ್ಜು, ಹೆಚ್ಚಿದ ವಯಸ್ಸು, ಚಟುವಟಿಕೆಯಿಲ್ಲದ ಒಳಾಂಗಣ ಜೀವನ ಮತ್ತು ಸ್ಟಿರಾಯ್ಡ್ ಔಷಧಗಳ ಬಳಕೆ ಇದಕ್ಕೆ ಪೂರಕವಾದ ಅಂಶಗಳು. ಸಂತಾನಹರಣ ಮಾಡಿಸಿದ ಗಂಡು ಬೆಕ್ಕುಗಳಲ್ಲಿ ರೋಗ ಹೆಚ್ಚು. ಬ್ರಿಟನ್, ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ಗಳಲ್ಲಿ ಬರ್ಮೀಸ್ ತಳಿಯ ಬೆಕ್ಕುಗಳು ಈ ರೋಗಕ್ಕೆ ಹೆಚ್ಚಾಗಿ ತುತ್ತಾಗುತ್ತವೆ.

ಮೇದೋಜೀರಕದ ಉರಿಯೂತದಲ್ಲಿ ಜೀರ್ಣಕಾರಿ ಕಿಣ್ವಗಳು ಕರುಳನ್ನು ತಲುಪುವ ಮೊದಲೇ ಗ್ರಂಥಿಯೊಳಗೆ ಚುರುಕುಗೊಂಡು ಅದರ ಅಂಗಾಂಶವನ್ನೇ ಘಾಸಿಗೊಳಿಸುತ್ತವೆ. ಇದು ಇದ್ದಕ್ಕಿದ್ದಂತೆ ಬರುವ ತೀವ್ರ ರೂಪದಲ್ಲಿರಬಹುದು, ಇಲ್ಲವೇ ತಿಂಗಳುಗಟ್ಟಲೆ ಏರಿಳಿಯುತ್ತಾ ಸಾಗುವ ದೀರ್ಘಕಾಲಿಕ ರೂಪದಲ್ಲಿರಬಹುದು. ಹೆಚ್ಚಿನ ಬೆಕ್ಕುಗಳಲ್ಲಿ ನಿಖರವಾದ ಕಾರಣ ತಿಳಿಯುವುದಿಲ್ಲ.

ಒಂದು ರೋಗ ಮತ್ತೊಂದನ್ನು ಹಲವು ಬಗೆಗಳಲ್ಲಿ ಪ್ರಭಾವಿಸುತ್ತದೆ. ದೀರ್ಘಕಾಲದ ಉರಿಯೂತವು ದ್ವೀಪಗಳನ್ನೂ ನಾಶಮಾಡಿ ಮಧುಮೇಹಕ್ಕೆ ಕಾರಣವಾಗಬಲ್ಲದು. ಉರಿಯೂತದ ಸಮಯದಲ್ಲಿ ದೇಹದಲ್ಲಿ ಹೆಚ್ಚುವ ಕಾರ್ಟಿಸಾಲ್ ಮೊದಲಾದ ಹಾರ್ಮೋನುಗಳು ಇನ್ಸುಲಿನ್‌ನ ಕೆಲಸಕ್ಕೆ ಅಡ್ಡಿಯಾಗುತ್ತವೆ. ಉರಿಯೂತ ಶಮನವಾದಾಗ ಈ ಅಡ್ಡಿ ಬೇಗನೆ ಸರಿದು ಇನ್ಸುಲಿನ್ ಅಗತ್ಯ ತಟ್ಟನೆ ಇಳಿಯುತ್ತದೆ. ಹೀಗಾಗಿ ಕಳೆದ ವಾರ ಸಾಲದೆ ಹೋದ ಪ್ರಮಾಣವೇ ಈ ವಾರ ಅತಿಯಾಗುವ ಸಾಧ್ಯತೆಯಿದೆ.

ಲಕ್ಷಣಗಳು

ಮಧುಮೇಹದ ಮುಖ್ಯ ಲಕ್ಷಣಗಳು ಅತಿಯಾದ ಬಾಯಾರಿಕೆ, ಅತಿಮೂತ್ರ, ಹೆಚ್ಚಿದ ಹಸಿವು ಮತ್ತು ಚೆನ್ನಾಗಿ ತಿಂದರೂ ತೂಕ ಇಳಿಯುವುದು. ಕೆಲವು ಬೆಕ್ಕುಗಳಲ್ಲಿ ಹಿಂಗಾಲಿನ ನರಗಳು ದುರ್ಬಲವಾಗಿ, ಅವು ಹಿಂಗಾಲಿನ ಹಿಮ್ಮಡಿಯನ್ನು ನೆಲಕ್ಕೂರಿ ನಡೆಯುತ್ತವೆ.

ಮೇದೋಜೀರಕ ಉರಿಯೂತದ ಲಕ್ಷಣಗಳು ಅಷ್ಟು ಸ್ಪಷ್ಟವಲ್ಲ. ನಾಯಿಗಳಲ್ಲಿ ಪದೇ ಪದೇ ವಾಂತಿ ಮತ್ತು ಹೊಟ್ಟೆನೋವು ಎದ್ದು ಕಾಣುತ್ತವೆ. ಬೆಕ್ಕುಗಳಲ್ಲಿ ವಾಂತಿ ಇಲ್ಲದೆಯೂ ರೋಗವಿರಬಹುದು. ಮಂಕುತನ, ಆಹಾರ ನಿರಾಕರಣೆ, ಮೂಲೆಯಲ್ಲಿ ಮುದುಡಿ ಕುಳಿತಿರುವುದು, ಎತ್ತಿಕೊಂಡಾಗ ಸಿಡಿಮಿಡಿಗೊಳ್ಳುವುದು, ನಿರ್ಜಲೀಕರಣ ಮತ್ತು ತೂಕನಷ್ಟ ಇವೇ ಹೆಚ್ಚಾಗಿ ಕಾಣುವ ಚಿಹ್ನೆಗಳು. ಎಂದೂ ತಟ್ಟೆ ಖಾಲಿ ಮಾಡುತ್ತಿದ್ದ ಮಧುಮೇಹಿ ಬೆಕ್ಕು ಏಕಾಏಕಿ ಊಟ ಬಿಟ್ಟರೆ ಉರಿಯೂತವನ್ನು ಶಂಕಿಸಬೇಕಾಗುತ್ತದೆ.

ರೋಗನಿರ್ಣಯ

ಆರೋಗ್ಯವಂತ ಬೆಕ್ಕಿನಲ್ಲಿ ಒಂದು ಡೆಸಿಲೀಟರ್ (100 ಮಿಲಿಲೀಟರ್) ರಕ್ತದಲ್ಲಿ ಸುಮಾರು 70ರಿಂದ 150 ಮಿಲಿಗ್ರಾಂ ಗ್ಲೂಕೋಸ್ ಇರುತ್ತದೆ. ಮುಂದೆ ಕೊಟ್ಟಿರುವ ಸಂಖ್ಯೆಗಳೂ ಇದೇ ಅಳತೆಯವು. ಈ ಮಟ್ಟ ಸುಮಾರು 250ರಿಂದ 290ನ್ನು ದಾಟಿದಾಗ ಮೂತ್ರಪಿಂಡಗಳಿಗೆ ಗ್ಲೂಕೋಸನ್ನು ಹಿಡಿದಿಡಲಾಗದೆ ಅದು ಮೂತ್ರದಲ್ಲಿ ಹೊರಬೀಳುತ್ತದೆ. ಬೆಕ್ಕುಗಳು ಆಸ್ಪತ್ರೆಯ ಭಯದಿಂದಲೇ ರಕ್ತದ ಸಕ್ಕರೆಯನ್ನು ಬಹಳಷ್ಟು ಏರಿಸಿಕೊಳ್ಳುವುದರಿಂದ ಒಂದೇ ಪರೀಕ್ಷೆಯನ್ನು ನಂಬುವಂತಿಲ್ಲ. ಹಿಂದಿನ ಒಂದೆರಡು ವಾರಗಳ ಸರಾಸರಿಯನ್ನು ಸೂಚಿಸುವ ಫ್ರಕ್ಟೋಸಮೀನ್ ಪರೀಕ್ಷೆಯು ಈ ಗೊಂದಲವನ್ನು ಬಿಡಿಸುತ್ತದೆ.

ಉರಿಯೂತದ ಪತ್ತೆಗೆ ಬೆಕ್ಕಿನ ಮೇದೋಜೀರಕದಲ್ಲಿ ಮಾತ್ರ ತಯಾರಾಗುವ ಲೈಪೇಸ್ ಕಿಣ್ವವನ್ನು ಅಳೆಯುವ ರಕ್ತಪರೀಕ್ಷೆ ಮತ್ತು ಹೊಟ್ಟೆಯ ಅಲ್ಟ್ರಾಸೌಂಡ್ ಪರೀಕ್ಷೆ ಬಳಕೆಯಲ್ಲಿವೆ. ಯಾವುದೊಂದೂ ಪೂರ್ಣ ನಿಖರವಲ್ಲವಾದ್ದರಿಂದ ಲಕ್ಷಣ, ರಕ್ತಪರೀಕ್ಷೆ ಮತ್ತು ಅಲ್ಟ್ರಾಸೌಂಡ್ ಮೂರನ್ನೂ ಸೇರಿಸಿ ಪಶುವೈದ್ಯರು ತೀರ್ಮಾನಕ್ಕೆ ಬರುತ್ತಾರೆ. ಮಧುಮೇಹಿ ಬೆಕ್ಕು ಕಾಯಿಲೆ ಬಿದ್ದಾಗ ಮೂತ್ರದಲ್ಲಿ ಅಥವಾ ರಕ್ತದಲ್ಲಿ ಕೀಟೋನ್‌ಗಳಿವೆಯೇ ಎಂದು ನೋಡುವುದು ಕಡ್ಡಾಯ.

ಇನ್ಸುಲಿನ್ ವಿಧಗಳು

ಇನ್ಸುಲಿನ್ ಒಂದು ಪ್ರೋಟೀನ್ ಆಗಿದ್ದು ಅದರ ಅಮೈನೋ ಆಮ್ಲಗಳ ಜೋಡಣೆ ಪ್ರಾಣಿಯಿಂದ ಪ್ರಾಣಿಗೆ ಸ್ವಲ್ಪ ಭಿನ್ನವಾಗಿದೆ. ಬೆಕ್ಕಿನ ಇನ್ಸುಲಿನ್‌ಗೂ ಹಸುವಿನ ಇನ್ಸುಲಿನ್‌ಗೂ ಇರುವ ವ್ಯತ್ಯಾಸ ಒಂದೇ ಒಂದು ಅಮೈನೋ ಆಮ್ಲದ್ದು. ಆದರೂ ಮನುಷ್ಯರ ಹಾಗೂ ಹಂದಿಯ ಇನ್ಸುಲಿನ್‌ಗಳು ಬೆಕ್ಕಿನಲ್ಲಿ ಚೆನ್ನಾಗಿ ಕೆಲಸ ಮಾಡುತ್ತವೆ. ಸಾಮಾನ್ಯವಾಗಿ ಬಳಸುವ ವಿಧಗಳು ಇವು:

• ಗ್ಲಾರ್ಜಿನ್: ಮನುಷ್ಯರಿಗಾಗಿ ತಯಾರಿಸಿದ ದೀರ್ಘಾವಧಿ ಇನ್ಸುಲಿನ್. ಒಂದು ಮಿಲಿಲೀಟರ್‌ನಲ್ಲಿ 100 ಯೂನಿಟ್ ಇರುತ್ತದೆ. ತಿಳಿಯಾದ ದ್ರವವಾಗಿದ್ದು ಚರ್ಮದಡಿಯಲ್ಲಿ ಸೂಕ್ಷ್ಮ ಹರಳುಗಳಾಗಿ ನಿಧಾನವಾಗಿ ಕರಗುತ್ತದೆ. ಇದಕ್ಕೆ ಬೇರೆ ದ್ರವ ಬೆರೆಸಿ ತೆಳುವಾಗಿಸಬಾರದು.
• ಪ್ರೋಟಮೀನ್ ಜಿಂಕ್ ಇನ್ಸುಲಿನ್: ಪ್ರೋಜಿಂಕ್ ಎಂಬ ಹೆಸರಿನಲ್ಲಿ ಬೆಕ್ಕುಗಳಿಗೆ ದೊರೆಯುತ್ತದೆ. ಒಂದು ಮಿಲಿಲೀಟರ್‌ನಲ್ಲಿ 40 ಯೂನಿಟ್ ಇರುತ್ತದೆ. ಬಳಸುವ ಮುನ್ನ ಸೀಸೆಯನ್ನು ಮೆಲ್ಲಗೆ ಉರುಳಿಸಿ ಬೆರೆಸಬೇಕು.
• ಲೆಂಟೆ ಇನ್ಸುಲಿನ್: ಹಂದಿಯ ಇನ್ಸುಲಿನ್‌ನಿಂದ ತಯಾರಾದ ಇದು ಕ್ಯಾನಿನ್ಸುಲಿನ್ ಅಥವಾ ವೆಟ್‌ಸುಲಿನ್ ಎಂಬ ಹೆಸರುಗಳಲ್ಲಿ ದೊರೆಯುತ್ತದೆ. ಇದರಲ್ಲಿಯೂ ಒಂದು ಮಿಲಿಲೀಟರ್‌ಗೆ 40 ಯೂನಿಟ್. ಬೆಕ್ಕುಗಳಲ್ಲಿ ಇದರ ಪರಿಣಾಮದ ಅವಧಿ ಗ್ಲಾರ್ಜಿನ್‌ಗಿಂತ ಕಡಿಮೆ.
• ರೆಗ್ಯುಲರ್ ಇನ್ಸುಲಿನ್: ಬೇಗನೆ ಕೆಲಸ ಮಾಡುವ ಅಲ್ಪಾವಧಿ ಇನ್ಸುಲಿನ್. ಕೀಟೋಅಸಿಡೋಸಿಸ್‌ನಂತಹ ತುರ್ತು ಸ್ಥಿತಿಯಲ್ಲಿ ಆಸ್ಪತ್ರೆಯಲ್ಲಿ ಮಾತ್ರ ನೀಡಲಾಗುತ್ತದೆ.

ಸಿರಿಂಜಿನ ಆಯ್ಕೆ

40 ಯೂನಿಟ್ ಇನ್ಸುಲಿನ್‌ಗೆ ಯು-40 ಸಿರಿಂಜ್, 100 ಯೂನಿಟ್ ಇನ್ಸುಲಿನ್‌ಗೆ ಯು-100 ಸಿರಿಂಜ್ ಬಳಸಬೇಕು. ವಾಡಿಕೆಯಲ್ಲಿ ಮೊದಲನೆಯದರ ಮುಚ್ಚಳ ಕೆಂಪು, ಎರಡನೆಯದರದ್ದು ಕಿತ್ತಳೆ ಬಣ್ಣ. ಗ್ಲಾರ್ಜಿನ್ ಅನ್ನು ತಪ್ಪಾಗಿ ಯು-40 ಸಿರಿಂಜಿನಲ್ಲಿ ಒಂದು ಗೆರೆಯ ತನಕ, ಅಂದರೆ ಒಂದು ಯೂನಿಟ್ ಎಂದುಕೊಂಡು ಎಳೆದರೆ, ಬೆಕ್ಕಿಗೆ ನಿಜವಾಗಿ ಸೇರುವುದು ಎರಡೂವರೆ ಯೂನಿಟ್. ನಾಲ್ಕೈದು ಕಿಲೋಗ್ರಾಂ ತೂಕದ ಪ್ರಾಣಿಗೆ ಇದು ಪ್ರಾಣಾಂತಕವಾಗಬಲ್ಲದು. ಬೆಕ್ಕಿನ ಪ್ರಮಾಣ ಬಹಳ ಸಣ್ಣದಾದ್ದರಿಂದ ಗ್ಲಾರ್ಜಿನ್ ನೀಡಲು ಅರ್ಧ ಯೂನಿಟ್ ಗೆರೆಗಳಿರುವ 0.3 ಮಿಲಿಲೀಟರ್ ಸಿರಿಂಜ್ ಅನುಕೂಲಕರ.

ಇನ್ಸುಲಿನ್ ನಿರ್ವಹಣೆ

ಆರಂಭದ ಪ್ರಮಾಣ

ಹೆಚ್ಚಿನ ಬೆಕ್ಕುಗಳಿಗೆ 12 ಗಂಟೆಗಳ ಅಂತರದಲ್ಲಿ ದಿನಕ್ಕೆ ಎರಡು ಬಾರಿ, ಪ್ರತಿ ಸಲ ಸುಮಾರು ಒಂದು ಯೂನಿಟ್‌ನಂತೆ ಚಿಕಿತ್ಸೆ ಆರಂಭಿಸುತ್ತಾರೆ. ದೊಡ್ಡ ಗಾತ್ರದ ಬೆಕ್ಕುಗಳಿಗೂ ಆರಂಭದಲ್ಲಿ ಎರಡು ಯೂನಿಟ್ ಮೀರುವುದಿಲ್ಲ. ಮುಂದೆ ಪ್ರಮಾಣವನ್ನು ಹೆಚ್ಚಿಸಬೇಕಾದರೆ ಸಾಮಾನ್ಯವಾಗಿ ಒಂದು ವಾರದಷ್ಟು ಕಾದು, ಒಮ್ಮೆಗೆ ಅರ್ಧ ಅಥವಾ ಒಂದು ಯೂನಿಟ್ ಮಾತ್ರ ಹೆಚ್ಚಿಸಲಾಗುತ್ತದೆ. ಇಳಿಸಬೇಕಾದ ಸಂದರ್ಭದಲ್ಲಿ ಕಾಯುವುದಿಲ್ಲ. ಉರಿಯೂತವಿರುವ ಬೆಕ್ಕುಗಳಲ್ಲಿ ಗ್ಲೂಕೋಸನ್ನು ಸಹಜ ಮಟ್ಟಕ್ಕೆ ತರಲು ಆತುರಪಡುವುದಕ್ಕಿಂತ, ದಿನದ ಬಹುಪಾಲು 80ರಿಂದ 300ರ ನಡುವೆ ಇರುವಂತೆ ನೋಡಿಕೊಂಡು, ಬಾಯಾರಿಕೆ ತಗ್ಗಿ ತೂಕ ನಿಲ್ಲುವುದನ್ನು ಗುರಿಯಾಗಿಟ್ಟುಕೊಳ್ಳುವುದು ಸುರಕ್ಷಿತ.

ಆಹಾರ ಬಿಟ್ಟ ದಿನಗಳಲ್ಲಿ

ಇದು ಚಿಕಿತ್ಸೆಯ ಅತ್ಯಂತ ಸೂಕ್ಷ್ಮವಾದ ಘಟ್ಟ. ಊಟವಿಲ್ಲದ ಬೆಕ್ಕಿಗೆ ಪೂರ್ಣ ಪ್ರಮಾಣ ನೀಡಿದರೆ ರಕ್ತದ ಸಕ್ಕರೆ ಕುಸಿಯುತ್ತದೆ. ಭಯಪಟ್ಟು ಇನ್ಸುಲಿನ್ ಪೂರ್ತಿ ನಿಲ್ಲಿಸಿದರೆ ದೇಹವು ಕೊಬ್ಬನ್ನು ಕರಗಿಸತೊಡಗಿ ಕೀಟೋನ್‌ಗಳು ಶೇಖರವಾಗುತ್ತವೆ. ಆದ್ದರಿಂದ ಚುಚ್ಚುಮದ್ದಿನ ಮೊದಲು ಆಹಾರ ನೀಡಿ, ಬೆಕ್ಕು ತಿಂದದ್ದನ್ನು ನೋಡಿ, ಸಕ್ಕರೆಯನ್ನು ಅಳೆಯುವ ಕ್ರಮವನ್ನು ಅನುಸರಿಸಲಾಗುತ್ತದೆ. ಪಶುವೈದ್ಯರು ಮುಂಚಿತವಾಗಿಯೇ ಬರೆದುಕೊಡುವ ಯೋಜನೆಯು ಸಾಮಾನ್ಯವಾಗಿ ಹೀಗಿರುತ್ತದೆ:

• ಎಂದಿನಂತೆ ತಿಂದು, ಸಕ್ಕರೆಯೂ ಹೆಚ್ಚಿದ್ದರೆ ಎಂದಿನ ಪ್ರಮಾಣ.
• ಅರ್ಧದಷ್ಟೇ ತಿಂದು ಅಥವಾ ತಿನ್ನದೆ, ಸಕ್ಕರೆ ಹೆಚ್ಚಿದ್ದರೆ ಸುಮಾರು ಅರ್ಧ ಪ್ರಮಾಣ ನೀಡಿ ಅಂದೇ ವೈದ್ಯರಿಗೆ ತಿಳಿಸುವುದು.
• ಸಕ್ಕರೆ ಸಹಜ ಮಟ್ಟದಲ್ಲಿ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಆ ಹೊತ್ತಿನ ಇನ್ಸುಲಿನ್ ತಡೆಹಿಡಿದು, ಆಹಾರ ನೀಡಿ, ಕೆಲವು ಗಂಟೆಗಳ ನಂತರ ಮತ್ತೆ ಅಳೆದು ವೈದ್ಯರನ್ನು ಕೇಳುವುದು.
• ವಾಂತಿ, ತೀವ್ರ ಮಂಕುತನ ಅಥವಾ ಕೀಟೋನ್ ಕಂಡುಬಂದರೆ, ಸಕ್ಕರೆ ಎಷ್ಟೇ ಇರಲಿ, ತಕ್ಷಣ ಆಸ್ಪತ್ರೆಗೆ ಒಯ್ಯುವುದು.

ಅರ್ಧ ಪ್ರಮಾಣವೆಂಬುದು ಒಂದು ಹೊತ್ತನ್ನು ದಾಟಿಸುವ ಉಪಾಯವೇ ಹೊರತು ಚಿಕಿತ್ಸೆಯಲ್ಲ. ಬೆಕ್ಕು ಒಂದು ದಿನಕ್ಕಿಂತ ಹೆಚ್ಚು ಕಾಲ ಆಹಾರ ಬಿಟ್ಟರೆ ಪಶುವೈದ್ಯರು ಪರೀಕ್ಷಿಸಲೇಬೇಕು. ಚುಚ್ಚುಮದ್ದು ನೀಡುವಾಗ ಬೆಕ್ಕು ಅಲುಗಾಡಿ ಎಷ್ಟು ಔಷಧ ಒಳಹೋಯಿತೆಂಬುದು ತಿಳಿಯದಿದ್ದರೆ ಎರಡನೆಯ ಬಾರಿ ನೀಡಬಾರದು. ಮುಂದಿನ ಹೊತ್ತಿನವರೆಗೆ ಕಾಯುವುದೇ ಸರಿಯಾದ ಕ್ರಮ.

ಚೇತರಿಕೆಯ ಹಂತದಲ್ಲಿ

ಉರಿಯೂತ ಇಳಿಮುಖವಾದಾಗ ಬೆಕ್ಕು ಮತ್ತೆ ತಿನ್ನತೊಡಗುತ್ತದೆ. ನೋಡುವವರಿಗೆ ಅಪಾಯ ಕಳೆಯಿತೆಂದು ತೋರುವ ಈ ಹಂತದಲ್ಲಿಯೇ ರಕ್ತದ ಸಕ್ಕರೆ ಅನಿರೀಕ್ಷಿತವಾಗಿ ಕುಸಿಯುವ ಸಂಭವ ಹೆಚ್ಚು. ಕಾಯಿಲೆಯ ಅವಧಿಯಲ್ಲಿ ಹೆಚ್ಚಿಸಿದ ಪ್ರಮಾಣವು ಈಗ ಅತಿಯಾಗುತ್ತದೆ. ಹೀಗಾಗಿ ಚೇತರಿಕೆಯ ಮೊದಲ ವಾರಗಳಲ್ಲಿ ಸಕ್ಕರೆಯನ್ನು ಇನ್ನಷ್ಟು ಪದೇ ಪದೇ ಅಳೆಯಬೇಕಾಗುತ್ತದೆ.

ಮನೆಯಲ್ಲಿ ತಪಾಸಣೆ

ಬೆಕ್ಕಿನ ಕಿವಿಯ ಅಂಚಿನಲ್ಲಿ ಸೂಜಿಯಿಂದ ಚುಚ್ಚಿ ಒಂದು ಹನಿ ರಕ್ತವನ್ನು ಗ್ಲೂಕೋಮೀಟರ್‌ನಲ್ಲಿ ಪರೀಕ್ಷಿಸಬಹುದು. ಮನುಷ್ಯರ ಗ್ಲೂಕೋಮೀಟರ್‌ಗಳು ಬೆಕ್ಕಿನ ರಕ್ತದಲ್ಲಿ ಸಾಮಾನ್ಯವಾಗಿ ನಿಜವಾದ ಮಟ್ಟಕ್ಕಿಂತ ಕಡಿಮೆ ತೋರಿಸುತ್ತವೆ. ಪ್ರಾಣಿಗಳಿಗೆಂದೇ ಹೊಂದಿಸಿದ ಆಲ್ಫಾಟ್ರ್ಯಾಕ್‌ನಂತಹ ಉಪಕರಣಗಳು ಹೆಚ್ಚು ನಿಖರ. ಯಾವುದನ್ನು ಬಳಸಿದರೂ ಒಂದೇ ಉಪಕರಣವನ್ನು ಸತತವಾಗಿ ಬಳಸುವುದು ಮುಖ್ಯ. ಚರ್ಮಕ್ಕೆ ಅಂಟಿಸುವ ಫ್ರೀಸ್ಟೈಲ್ ಲಿಬ್ರೆ ಸಂವೇದಕವು 14 ದಿನಗಳವರೆಗೆ ಸಕ್ಕರೆಯ ಏರಿಳಿತವನ್ನು ದಾಖಲಿಸಲೆಂದು ರೂಪಿತವಾಗಿದ್ದರೂ ಬೆಕ್ಕುಗಳಲ್ಲಿ ಅದಕ್ಕೂ ಮೊದಲೇ ಕಳಚಿಕೊಳ್ಳುವುದು ಸಾಮಾನ್ಯ.

ದಿನಾಂಕ, ಸಮಯ, ತಿಂದ ಆಹಾರ, ಸಕ್ಕರೆಯ ಮಟ್ಟ, ನೀಡಿದ ಇನ್ಸುಲಿನ್ ಮತ್ತು ವಾಂತಿಯ ವಿವರಗಳನ್ನು ಒಂದು ಪುಸ್ತಕದಲ್ಲಿ ಬರೆದಿಡುವುದರಿಂದ ಉರಿಯೂತ ಮರುಕಳಿಸುತ್ತಿರುವುದನ್ನು ಮೊದಲೇ ಗುರುತಿಸಲು ಸಾಧ್ಯವಾಗುತ್ತದೆ. ಮನೆಯಲ್ಲಿ ಒಬ್ಬರಿಗಿಂತ ಹೆಚ್ಚು ಜನ ಬೆಕ್ಕನ್ನು ನೋಡಿಕೊಳ್ಳುತ್ತಿದ್ದರೆ, ಅರಿಯದೆ ಎರಡು ಬಾರಿ ಚುಚ್ಚುಮದ್ದು ನೀಡುವುದನ್ನೂ ಈ ದಾಖಲೆ ತಪ್ಪಿಸುತ್ತದೆ.

ತೊಡಕುಗಳು

ರಕ್ತದ ಸಕ್ಕರೆಯ ಕುಸಿತ: ಮಟ್ಟವು 60ಕ್ಕಿಂತ ಕೆಳಗಿಳಿದರೆ ಇದನ್ನು ಅಪಾಯದ ಸೂಚನೆಯೆಂದು ಪರಿಗಣಿಸಲಾಗುತ್ತದೆ. ನಿಶ್ಶಕ್ತಿ, ತೂರಾಡುವ ನಡಿಗೆ, ದಿಗ್ಭ್ರಮೆ, ನಡುಕ ಮತ್ತು ಕೊನೆಯ ಹಂತದಲ್ಲಿ ಸೆಳವು ಕಾಣಿಸಿಕೊಳ್ಳುತ್ತವೆ. ಬೆಕ್ಕಿಗೆ ಎಚ್ಚರವಿದ್ದು ನುಂಗಲು ಸಾಧ್ಯವಿದ್ದರೆ ಆಹಾರ ನೀಡಬೇಕು. ಇಲ್ಲವಾದರೆ ಸಕ್ಕರೆ ಪಾಕ, ಜೇನುತುಪ್ಪ ಅಥವಾ ಗ್ಲೂಕೋಸ್ ದ್ರಾವಣವನ್ನು ವಸಡಿಗೆ ಸವರಿ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಪ್ರಜ್ಞೆಯಿಲ್ಲದ ಬೆಕ್ಕಿನ ಬಾಯಿಗೆ ದ್ರವ ಸುರಿದರೆ ಅದು ಶ್ವಾಸಕೋಶಕ್ಕೆ ಇಳಿಯುವ ಅಪಾಯವಿದೆ.

ಕೀಟೋಅಸಿಡೋಸಿಸ್: ಇನ್ಸುಲಿನ್ ಕೊರತೆಯ ಜೊತೆಗೆ ಮತ್ತೊಂದು ಕಾಯಿಲೆಯೂ ಸೇರಿದಾಗ ರಕ್ತವು ಕೀಟೋನ್‌ಗಳಿಂದ ಆಮ್ಲೀಯವಾಗುವ ಸ್ಥಿತಿ. ಬೆಕ್ಕುಗಳಲ್ಲಿ ಇದನ್ನು ಪ್ರಚೋದಿಸುವ ಕಾಯಿಲೆಗಳಲ್ಲಿ ಮೇದೋಜೀರಕ ಉರಿಯೂತವು ಪ್ರಮುಖವಾದುದು. ಆಸ್ಪತ್ರೆಯಲ್ಲಿ ರಕ್ತನಾಳದ ಮೂಲಕ ದ್ರವ, ಪೊಟ್ಯಾಸಿಯಂ ಮತ್ತು ರಂಜಕವನ್ನು ಪೂರೈಸುತ್ತಾ ರೆಗ್ಯುಲರ್ ಇನ್ಸುಲಿನ್ ನೀಡುತ್ತಾರೆ. ಇನ್ಸುಲಿನ್ ಪೊಟ್ಯಾಸಿಯಂ ಮತ್ತು ರಂಜಕವನ್ನು ಜೀವಕೋಶಗಳೊಳಗೆ ಸೆಳೆದುಕೊಳ್ಳುವುದರಿಂದ ರಕ್ತದಲ್ಲಿ ಅವುಗಳ ಮಟ್ಟವನ್ನು ಮತ್ತೆ ಮತ್ತೆ ಪರೀಕ್ಷಿಸಬೇಕಾಗುತ್ತದೆ.

ಯಕೃತ್ತಿನಲ್ಲಿ ಕೊಬ್ಬು ಶೇಖರಣೆ: ಕೆಲವೇ ದಿನ ಆಹಾರ ಬಿಟ್ಟರೂ, ಅದರಲ್ಲೂ ಬೊಜ್ಜಿರುವ ಬೆಕ್ಕುಗಳಲ್ಲಿ, ಯಕೃತ್ತಿನಲ್ಲಿ ಕೊಬ್ಬು ತುಂಬಿಕೊಂಡು ಕಾಮಾಲೆ ಉಂಟಾಗುತ್ತದೆ.

ಉರಿಯೂತದ ಚಿಕಿತ್ಸೆ ಮತ್ತು ಆಹಾರ

ಉರಿಯೂತವನ್ನು ನೇರವಾಗಿ ಗುಣಪಡಿಸುವ ಔಷಧವಿಲ್ಲದ ಕಾರಣ ಪೋಷಕ ಚಿಕಿತ್ಸೆಯೇ ಆಧಾರ. ನಿರ್ಜಲೀಕರಣಕ್ಕೆ ದ್ರವ, ನೋವಿಗೆ ಬ್ಯುಪ್ರೆನಾರ್ಫಿನ್, ವಾಕರಿಕೆಗೆ ಮಾರೋಪಿಟಂಟ್, ಹಸಿವು ಹೆಚ್ಚಿಸಲು ಮಿರ್ಟಜಪೀನ್ ಮುಂತಾದವುಗಳನ್ನು ಬಳಸಲಾಗುತ್ತದೆ. ಹಸಿವು ಹೆಚ್ಚಿಸುವ ಮತ್ತೊಂದು ಔಷಧವಾದ ಕ್ಯಾಪ್ರೊಮೊರೆಲಿನ್ ರಕ್ತದ ಸಕ್ಕರೆಯನ್ನು ಏರಿಸುವುದರಿಂದ ಮಧುಮೇಹಿ ಬೆಕ್ಕುಗಳಿಗೆ ಸೂಕ್ತವಲ್ಲ. ದೀರ್ಘಕಾಲಿಕ ಉರಿಯೂತಕ್ಕೆ ನೀಡುವ ಸ್ಟಿರಾಯ್ಡ್‌ಗಳೂ ಇನ್ಸುಲಿನ್ ಅಗತ್ಯವನ್ನು ಹೆಚ್ಚಿಸುತ್ತವೆ. ಅವು ಅನಿವಾರ್ಯವಾದಾಗ ಲಾಭನಷ್ಟಗಳನ್ನು ತೂಗಿನೋಡಿ ವೈದ್ಯರು ನಿರ್ಧರಿಸುತ್ತಾರೆ.

ಉರಿಯೂತವಿರುವ ಬೆಕ್ಕನ್ನು ಉಪವಾಸ ಕೆಡವಬಾರದು. ತಾನಾಗಿ ತಿನ್ನದಿದ್ದರೆ ಮೂಗಿನ ಮೂಲಕ ಅಥವಾ ಕತ್ತಿನ ಬದಿಯಿಂದ ಅನ್ನನಾಳಕ್ಕೆ ಕೊಳವೆ ಹಾಕಿ ಆಹಾರ ನೀಡಲಾಗುತ್ತದೆ. ಕೊಳವೆಯಿದ್ದಲ್ಲಿ ಆಹಾರದ ಪ್ರಮಾಣ ಖಚಿತವಾಗುವುದರಿಂದ ಇನ್ಸುಲಿನ್ ಪ್ರಮಾಣವನ್ನೂ ಧೈರ್ಯವಾಗಿ ನಿರ್ಧರಿಸಬಹುದು. ಬೆಕ್ಕು ಮಾಂಸಾಹಾರವನ್ನೇ ಅವಲಂಬಿಸಿದ ಪ್ರಾಣಿಯಾದ್ದರಿಂದ ಹೆಚ್ಚು ಪ್ರೋಟೀನ್ ಮತ್ತು ಕಡಿಮೆ ಪಿಷ್ಟವಿರುವ ಆಹಾರ ಮಧುಮೇಹಕ್ಕೆ ಹಿತಕರ. ನಾಯಿಗಳಿಗೆ ಹೇಳುವ ಕೊಬ್ಬಿಲ್ಲದ ಪಥ್ಯ ಬೆಕ್ಕುಗಳಿಗೆ ಸಾಮಾನ್ಯವಾಗಿ ಅಗತ್ಯವಿಲ್ಲ. ಕಾಯಿಲೆಯ ದಿನಗಳಲ್ಲಿ ಮಾತ್ರ ಯಾವ ಆಹಾರವನ್ನು ಬೆಕ್ಕು ತಿನ್ನುತ್ತದೆಯೋ ಅದೇ ಉತ್ತಮ ಆಹಾರ.

ಬಾಯಿಯ ಮೂಲಕ ನೀಡುವ ಔಷಧಗಳು

ಮೂತ್ರದ ಮೂಲಕ ಗ್ಲೂಕೋಸನ್ನು ಹೊರಹಾಕುವ ಬೆಕ್ಸಾಗ್ಲಿಫ್ಲೋಜಿನ್ 2022ರಲ್ಲಿ ಮತ್ತು ವೆಲಾಗ್ಲಿಫ್ಲೋಜಿನ್ 2023ರಲ್ಲಿ ಬೆಕ್ಕುಗಳ ಮಧುಮೇಹಕ್ಕಾಗಿ ಅಮೆರಿಕದಲ್ಲಿ ಅನುಮೋದನೆ ಪಡೆದವು. ಚುಚ್ಚುಮದ್ದಿಲ್ಲದ ಚಿಕಿತ್ಸೆಯೆಂದು ಇವು ಆಕರ್ಷಕವಾಗಿ ಕಂಡರೂ ಮೇದೋಜೀರಕ ಉರಿಯೂತವಿರುವ ಬೆಕ್ಕುಗಳಿಗೆ ಸೂಕ್ತವಲ್ಲ. ಈ ಔಷಧಗಳನ್ನು ಪಡೆಯುವ ಬೆಕ್ಕಿನಲ್ಲಿ ರಕ್ತದ ಸಕ್ಕರೆ ಸಹಜವಾಗಿದ್ದಾಗಲೇ ಕೀಟೋಅಸಿಡೋಸಿಸ್ ಉಂಟಾಗಬಹುದು. ಆದ್ದರಿಂದ ಆರಂಭಿಸುವ ಮೊದಲು ಮೂತ್ರಪಿಂಡ, ಯಕೃತ್ತು ಮತ್ತು ಮೇದೋಜೀರಕದ ರೋಗಗಳಿಗಾಗಿ ತಪಾಸಣೆ ಮಾಡಬೇಕೆಂದು ಸೂಚಿಸಲಾಗಿದೆ.

ಭಾರತದಲ್ಲಿ

ಭಾರತದಲ್ಲಿ ಮನುಷ್ಯರ ಬಳಕೆಗಾಗಿ ಔಷಧದ ಅಂಗಡಿಗಳಲ್ಲಿ ದೊರೆಯುವ ಹಲವು ಇನ್ಸುಲಿನ್ ಸೀಸೆಗಳು ಇಂದಿಗೂ 40 ಯೂನಿಟ್‌ನವು. ಗ್ಲಾರ್ಜಿನ್ ಮಾತ್ರ 100 ಯೂನಿಟ್‌ನದು. ಎರಡೂ ಬಗೆಯ ಸಿರಿಂಜುಗಳು ಒಂದೇ ಅಂಗಡಿಯಲ್ಲಿ ಸಿಗುವುದರಿಂದ ಸೀಸೆಯ ಮೇಲಿನ ಸಂಖ್ಯೆಯನ್ನೂ ಸಿರಿಂಜಿನ ಮೇಲಿನ ಸಂಖ್ಯೆಯನ್ನೂ ಹೋಲಿಸಿ ನೋಡುವುದು ಇಲ್ಲಿ ವಿಶೇಷವಾಗಿ ಅಗತ್ಯ. ಬೆಂಗಳೂರಿನ ಬಯೋಕಾನ್ ಸಂಸ್ಥೆಯು ಬೇಸಲಾಗ್ ಎಂಬ ಹೆಸರಿನಲ್ಲಿ ಗ್ಲಾರ್ಜಿನ್ ಅನ್ನು ಮಾರುಕಟ್ಟೆಗೆ ತಂದಿದೆ. ಕರ್ನಾಟಕದ ಅನೇಕ ಮನೆಗಳಲ್ಲಿ ಬೆಕ್ಕಿಗೆ ಹಾಲನ್ನ ಅಥವಾ ಮೊಸರನ್ನ ಹಾಕುವ ರೂಢಿಯಿದೆ. ಅನ್ನದಲ್ಲಿ ಪಿಷ್ಟ ಹೆಚ್ಚಿರುವುದರಿಂದ ಮಧುಮೇಹಿ ಬೆಕ್ಕಿನ ಆಹಾರವನ್ನು ಮೀನು, ಕೋಳಿಮಾಂಸ ಅಥವಾ ಸಿದ್ಧ ತೇವಾಹಾರದ ಕಡೆಗೆ ಕ್ರಮೇಣ ಬದಲಾಯಿಸಬೇಕಾಗುತ್ತದೆ. ಇನ್ಸುಲಿನ್ ಪಡೆಯುತ್ತಿರುವ ಬೆಕ್ಕಿನ ಆಹಾರದಲ್ಲಿ ಅನ್ನವನ್ನು ಕಡಿಮೆ ಮಾಡಿದಾಗ ಇನ್ಸುಲಿನ್ ಅಗತ್ಯವೂ ಇಳಿಯುವುದರಿಂದ ಈ ಬದಲಾವಣೆಯನ್ನು ವೈದ್ಯರಿಗೆ ತಿಳಿಸಿಯೇ ಮಾಡಬೇಕು.

ಇತಿಹಾಸ

ಮೇದೋಜೀರಕಕ್ಕೂ ಮಧುಮೇಹಕ್ಕೂ ಇರುವ ನಂಟು ದೃಢಪಟ್ಟದ್ದು ಪ್ರಾಣಿಯಿಂದಲೇ. 1889ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ಯೋಸೆಫ್ ಫಾನ್ ಮೆರಿಂಗ್ ಮತ್ತು ಆಸ್ಕರ್ ಮಿಂಕೋವ್‌ಸ್ಕಿ ನಾಯಿಯ ಮೇದೋಜೀರಕವನ್ನು ತೆಗೆದಾಗ ಅದಕ್ಕೆ ಮಧುಮೇಹ ಉಂಟಾಯಿತು. 1921ರಲ್ಲಿ ಟೊರಾಂಟೊದಲ್ಲಿ ಫ್ರೆಡರಿಕ್ ಬ್ಯಾಂಟಿಂಗ್ ಮತ್ತು ಚಾರ್ಲ್ಸ್ ಬೆಸ್ಟ್ ಇನ್ಸುಲಿನ್ ಸಾರವನ್ನು ಬೇರ್ಪಡಿಸಿದರು. 1923ರ ನೊಬೆಲ್ ಪ್ರಶಸ್ತಿ ಬ್ಯಾಂಟಿಂಗ್ ಮತ್ತು ಜಾನ್ ಮ್ಯಾಕ್ಲಿಯಾಡ್ ಅವರಿಗೆ ಸಂದಿತು. 1930ರ ದಶಕದಲ್ಲಿ ಪ್ರೋಟಮೀನ್ ಮತ್ತು ಜಿಂಕ್ ಸೇರಿಸಿ ಇನ್ಸುಲಿನ್‌ನ ಪರಿಣಾಮದ ಅವಧಿಯನ್ನು ಹೆಚ್ಚಿಸಲಾಯಿತು. ಮನುಷ್ಯರ ಚಿಕಿತ್ಸೆಯಲ್ಲಿ ಈ ವಿಧ ಹಿಂದೆ ಸರಿದರೂ ಬೆಕ್ಕುಗಳ ಚಿಕಿತ್ಸೆಯಲ್ಲಿ ಉಳಿದುಕೊಂಡಿತು. 2009ರಲ್ಲಿ ಪ್ರೋಜಿಂಕ್ ಅಮೆರಿಕದಲ್ಲಿ ಅನುಮೋದನೆ ಪಡೆಯಿತು.

ರೋಗದ ಗತಿ

ಹೊಸದಾಗಿ ಪತ್ತೆಯಾದ ಮಧುಮೇಹಕ್ಕೆ ಬೇಗನೆ ಇನ್ಸುಲಿನ್ ಮತ್ತು ಕಡಿಮೆ ಪಿಷ್ಟದ ಆಹಾರ ನೀಡಿದರೆ ಕೆಲವು ಬೆಕ್ಕುಗಳು ಇನ್ಸುಲಿನ್ ಇಲ್ಲದೆಯೇ ಸಹಜ ಸಕ್ಕರೆಯನ್ನು ಕಾಯ್ದುಕೊಳ್ಳುವ ಹಂತ ತಲುಪುತ್ತವೆ. ಇನ್ಸುಲಿನ್ ನಿಲ್ಲಿಸಿ ನಾಲ್ಕು ವಾರಗಳಾದರೂ ಸಕ್ಕರೆ ಸಹಜವಾಗಿದ್ದರೆ ಇದನ್ನು ರೋಗೋಪಶಮನ ಎನ್ನುತ್ತಾರೆ. ಉರಿಯೂತವಿರುವ ಬೆಕ್ಕುಗಳಲ್ಲಿಯೂ ಇದು ಅಸಾಧ್ಯವಲ್ಲ, ಆದರೆ ಉರಿಯೂತ ಮರುಕಳಿಸಿದಾಗ ಮಧುಮೇಹವೂ ಮರಳಬಹುದು. ಸೌಮ್ಯವಾದ ದೀರ್ಘಕಾಲಿಕ ಉರಿಯೂತವಿರುವ ಮಧುಮೇಹಿ ಬೆಕ್ಕುಗಳು ನಿಯಮಿತ ಆರೈಕೆಯಿಂದ ವರ್ಷಗಳ ಕಾಲ ನೆಮ್ಮದಿಯಾಗಿ ಬಾಳುತ್ತವೆ. ತೀವ್ರ ಉರಿಯೂತದ ಜೊತೆ ಕೀಟೋಅಸಿಡೋಸಿಸ್ ಅಥವಾ ಯಕೃತ್ತಿನ ತೊಂದರೆ ಸೇರಿದಲ್ಲಿ ಅಪಾಯ ಹೆಚ್ಚು. ಅಂತಹ ಸಂದರ್ಭದಲ್ಲಿ ಬೆಕ್ಕನ್ನು ಎಷ್ಟು ಬೇಗ ಆಸ್ಪತ್ರೆಗೆ ಕರೆತರಲಾಯಿತೆಂಬುದು ಅದರ ಉಳಿವಿನಲ್ಲಿ ದೊಡ್ಡ ಪಾತ್ರ ವಹಿಸುತ್ತದೆ.